ಪಿ.ಟಿ. ಕೋಣೆಯ ಕೋವಿಡ್ ಡಬ್ಬಿ: ಮಕ್ಕಳ ಆಟಕ್ಕೆ ಇದರಲ್ಲಿ ಯಾವುದು ಬೇಕು, ಯಾವುದು ಬೇಡ

ಎಷ್ಟೋ ಶಾಲೆಗಳ ಪಿ.ಟಿ. ಕೋಣೆಯಲ್ಲಿ, ಹರಿದ ಪ್ಯಾಡು, ಗಾಳಿ ಇಳಿದ ಫುಟ್‌ಬಾಲು, ಸುತ್ತಿಟ್ಟ ತ್ರೋಬಾಲ್ ನೆಟ್ಟಿನ ಪಕ್ಕದಲ್ಲಿ ಇನ್ನೂ ಒಂದು ರಟ್ಟಿನ ಡಬ್ಬಿ ಕೂತಿದೆ. 2020–21ರಲ್ಲಿ ಮಕ್ಕಳನ್ನು ಮತ್ತೆ ಮೈದಾನಕ್ಕೆ ಕರೆತರಬೇಕೆಂದು ಕೊಂಡ ಸಾಮಾನು ಅದರಲ್ಲಿದೆ: ಥರ್ಮಲ್ ಗನ್, ಸ್ಯಾನಿಟೈಸರ್ ಕ್ಯಾನು, ಫೇಸ್ ಶೀಲ್ಡು, ವಾಲ್ವ್ ಇರುವ 'ಸ್ಪೋರ್ಟ್ಸ್ ಮಾಸ್ಕ್', ಬೆರಳಿಗೆ ಹಾಕಿ ರಕ್ತದ ಆಮ್ಲಜನಕ ನೋಡುವ ಆಕ್ಸಿಮೀಟರ್. ದೊಡ್ಡ ಅಕಾಡೆಮಿಗಳಲ್ಲಿ ಇದರ ಜೊತೆಗೆ ಚೆಂಡಿನ ಮೇಲೆ ನೇರಳಾತೀತ ಬೆಳಕು ಬಿಡುವ ಯುವಿ ಪೆಟ್ಟಿಗೆಯೂ ಇರುತ್ತದೆ. ಉಸಿರಿನಿಂದ ಹರಡುವ ಇನ್ನೊಂದು ಸಾಂಕ್ರಾಮಿಕ ಬಂದರೆ ಎಲ್ಲರೂ ಮೊದಲು ತೆರೆಯುವುದು ಇದೇ ಡಬ್ಬಿಯನ್ನು. ಆದ್ದರಿಂದ ಒಳಗಿನ ಒಂದೊಂದನ್ನೂ ತೆಗೆದು, ಅದು ಮಾಡುವ ಕೆಲಸ ಎಷ್ಟು ಎಂದು ಇಲ್ಲಿ ತೂಗಿದ್ದೇವೆ.

ಅಪ್ಪ ಅಮ್ಮ ಕೇಳುವ ಮುಖ್ಯ ಪ್ರಶ್ನೆಗೆ ಉತ್ತರ ಮೊದಲೇ ಹೇಳಿಬಿಡುತ್ತೇವೆ. ಸಾಂಕ್ರಾಮಿಕದ ನಡುವೆ ಮಕ್ಕಳನ್ನು ಗುಂಪಿನ ಆಟಕ್ಕೆ ಬಿಡಬಹುದೇ? ತೆರೆದ ಮೈದಾನ, ಹತ್ತು ಹನ್ನೆರಡು ಮಕ್ಕಳ ಬದಲಾಗದ ಗುಂಪು, ಆಟ ಮುಗಿದ ಕೂಡಲೇ ಮನೆ ಎನ್ನುವ ಕಟ್ಟುನಿಟ್ಟು, ಈ ಮೂರೂ ಇದ್ದರೆ ಬಿಡಬಹುದು, ಬಿಡಬೇಕು. ಮುಚ್ಚಿದ ಹಾಲ್ ಆದರೆ ಬೇಡ. ಊರಿನ ಆಸ್ಪತ್ರೆಗಳಲ್ಲಿ ಹಾಸಿಗೆ ತುಂಬುತ್ತಿರುವ ವಾರಗಳಲ್ಲಿ ಯಾವ ಆಟವೂ ಬೇಡ. ಆಟದ ಹೆಸರು ಯಾವುದು ಎನ್ನುವುದಕ್ಕಿಂತ ಆಡುವ ಜಾಗದ ಗಾಳಿ ಹೇಗಿದೆ ಎನ್ನುವುದೇ ಇಲ್ಲಿ ದೊಡ್ಡದು.

ಇದನ್ನು ಸುಮ್ಮನೆ ಹೇಳುತ್ತಿಲ್ಲ. 2020ರ ಜೂನ್‌ನಲ್ಲಿ ಅಮೆರಿಕದ ಫ್ಲಾರಿಡಾದ ಒಂದು ಒಳಾಂಗಣ ಐಸ್ ಹಾಕಿ ಪಂದ್ಯದಲ್ಲಿ ಆಡಿದವರು 22 ಮಂದಿ, ದೊಡ್ಡವರು. ಐದು ದಿನದೊಳಗೆ ಅವರಲ್ಲಿ 14 ಮಂದಿಗೆ ಮತ್ತು ಅಲ್ಲಿನ ಒಬ್ಬ ಸಿಬ್ಬಂದಿಗೆ ಕೋವಿಡ್ ಲಕ್ಷಣ ಕಾಣಿಸಿತು. ಅದೇ ವರ್ಷದ ಆರಂಭದಲ್ಲಿ ದಕ್ಷಿಣ ಕೊರಿಯಾದ ಚಿಯೊನಾನ್‌ನ ಜುಂಬಾ (ಕುಣಿಯುತ್ತಾ ಮಾಡುವ ವ್ಯಾಯಾಮ) ತರಗತಿಗಳಿಂದ 24 ದಿನದಲ್ಲಿ 112 ಮಂದಿಗೆ ಸೋಂಕು ಹರಡಿತು. ಅಲ್ಲಿದ್ದದ್ದು ಸುಮಾರು 60 ಚದರ ಮೀಟರ್ ಕೋಣೆ, 50 ನಿಮಿಷ ಏದುಸಿರು. ಇದರ ಎದುರಿಗೆ ಡೆನ್ಮಾರ್ಕ್‌ನ ವೃತ್ತಿಪರ ಫುಟ್‌ಬಾಲ್ ಪಂದ್ಯಗಳ ಲೆಕ್ಕ ಇಡಿ. ಇಡೀ ಪಂದ್ಯದಲ್ಲಿ ಒಬ್ಬ ಆಟಗಾರ ಸೋಂಕಿರುವ ಇನ್ನೊಬ್ಬನ ಒಂದೂವರೆ ಮೀಟರ್ ಒಳಗೆ ಇರಬಹುದಾದ ಹೊತ್ತು ಸರಾಸರಿ ಒಂದೂವರೆ ನಿಮಿಷ, ಅದೂ ಬಯಲ ಗಾಳಿಯಲ್ಲಿ. ಮೂರೂ ಕಡೆ ಬೆವರು ಒಂದೇ, ಏದುಸಿರೂ ಒಂದೇ. ಬೇರೆಯಾದದ್ದು ಸೂರು.

ಹಾಗಾಗಿ ಡಬ್ಬಿಯ ಪ್ರತಿ ಸಾಮಾನಿಗೂ ನಾವು ಕೇಳಿದ್ದು ಮೂರೇ ಮಾತು. ಇದು ಗಾಳಿಯನ್ನು ಬದಲಿಸುತ್ತದೆಯೇ? ಜನರನ್ನು ಕಡಿಮೆ ಮಾಡುತ್ತದೆಯೇ? ಒಟ್ಟಿಗಿರುವ ಹೊತ್ತನ್ನು ಮೊಟಕು ಮಾಡುತ್ತದೆಯೇ?

ಸಿಂಪಡಿಸುವುದು, ಒರೆಸುವುದು, ಬೆಳಕು ಬಿಡುವುದು

ಗೇಟಿನಲ್ಲಿ ನಿಲ್ಲಿಸುತ್ತಿದ್ದ ಸೋಂಕುನಿವಾರಕ ಸುರಂಗಕ್ಕೆ ಐದಕ್ಕೆ ಸೊನ್ನೆ. ಮನುಷ್ಯರ ಮೈಮೇಲೆ ರಾಸಾಯನಿಕ ಸಿಂಪಡಿಸಬಾರದೆಂದು ಕೇಂದ್ರ ಆರೋಗ್ಯ ಸಚಿವಾಲಯ 2020ರ ಏಪ್ರಿಲ್‌ನಲ್ಲೇ ಹೇಳಿತ್ತು. ಅದರಲ್ಲಿ ಸಿಂಪಡಿಸುವ ಹೈಪೋಕ್ಲೋರೈಟ್ (ಬ್ಲೀಚ್) ಮಂಜು ಮಕ್ಕಳ ಕಣ್ಣು, ಗಂಟಲು ಉರಿಸುತ್ತದೆ. ಮೂಗಿನೊಳಗಿನ ವೈರಸ್ಸಿಗೆ ಅದರಿಂದ ಏನೂ ಆಗುವುದಿಲ್ಲ.

ಚೆಂಡಿನ ಯುವಿ ಪೆಟ್ಟಿಗೆಯೂ ದಂಡ. ಯುವಿ-ಸಿ ಬೆಳಕು ನೇರ ಬಿದ್ದ ಜಾಗದಲ್ಲಷ್ಟೇ ಕೆಲಸ ಮಾಡುತ್ತದೆ. ಚೆಂಡಿನ ತಳ, ಹೊಲಿಗೆಯ ಸಂದು, ಟೆನ್ನಿಸ್ ಬಾಲಿನ ರೋಮ ಎಲ್ಲ ನೆರಳಲ್ಲೇ ಉಳಿಯುತ್ತವೆ. ಮುಚ್ಚಳ ತೆರೆದಾಗ ತಾನಾಗಿ ಆರದ ಅಗ್ಗದ ಪೆಟ್ಟಿಗೆ ಮಕ್ಕಳ ಕಣ್ಣಿಗೆ ಅಪಾಯ. ಅದನ್ನು ಕೊಡುಗೆಯಾಗಿ ಕೊಟ್ಟರೂ ಒಳಗೆ ಸೇರಿಸಬೇಡಿ.

ಚೆಂಡನ್ನು ಓವರಿಗೊಮ್ಮೆ ಸ್ಯಾನಿಟೈಸರ್‌ನಲ್ಲಿ ಒರೆಸುವ ಪದ್ಧತಿಯನ್ನು ಕಂಡಾಗ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಮಾತು ನೆನಪಾಗುತ್ತದೆ. ವಸ್ತುವನ್ನು ಮುಟ್ಟಿದ್ದರಿಂದ ಕೋವಿಡ್ ಅಂಟುವ ಸಾಧ್ಯತೆ ಸಾಮಾನ್ಯವಾಗಿ ಹತ್ತು ಸಾವಿರಕ್ಕೆ ಒಂದಕ್ಕಿಂತ ಕಡಿಮೆ ಎಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2021ರಲ್ಲಿ ಹೇಳಿತು. ಲೆದರ್ ಬಾಲಿಗೆ ಆಲ್ಕೊಹಾಲ್ ಉಜ್ಜಿದರೆ ಮೇಲಿನ ಮೆರುಗು ಕಿತ್ತುಬರುತ್ತದೆ, ಚರ್ಮ ಒಣಗುತ್ತದೆ, ಆರು ಓವರಿನ ಬಾಲು ಅರವತ್ತು ಓವರಿನದರಂತೆ ಆಗುತ್ತದೆ. ಸಿಂಥೆಟಿಕ್ ಫುಟ್‌ಬಾಲು, ತ್ರೋಬಾಲು, ವಾಲಿಬಾಲನ್ನು ಆಟ ಮುಗಿದ ಮೇಲೆ ಸೋಪಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒಮ್ಮೆ ಒರೆಸಿ ನೆರಳಲ್ಲಿ ಒಣಗಿಸಿದರೆ ಸಾಕು. ಒಂದು ನಿಯಮವನ್ನು ಮಾತ್ರ ಬಿಡಬೇಡಿ: ಚೆಂಡಿಗೆ ಎಂಜಲು ಹಚ್ಚುವಂತಿಲ್ಲ. ಐಸಿಸಿ 2020ರ ಜೂನ್‌ನಲ್ಲಿ ಅದನ್ನು ತಾತ್ಕಾಲಿಕವಾಗಿ ನಿಷೇಧಿಸಿ, ತಂಡಕ್ಕೆ ಎರಡು ಎಚ್ಚರಿಕೆ, ಆಮೇಲೆ ಐದು ರನ್ ದಂಡ ಎಂದಿತು. 2022ರಲ್ಲಿ ನಿಷೇಧವನ್ನು ಕಾಯಂ ಮಾಡಿತು. ಮಕ್ಕಳ ನೆಟ್ಸ್‌ನಲ್ಲೂ ಅದೇ ದಂಡ ಹಾಕಿ ನೋಡಿ, ಎರಡೇ ದಿನದಲ್ಲಿ ಅಭ್ಯಾಸ ಬಿಡುತ್ತದೆ.

ಕೈಗೆ ಹಚ್ಚುವ ಸ್ಯಾನಿಟೈಸರ್ ಇರಲಿ, ಆದರೆ ಸೋಪು ಮತ್ತು ನಲ್ಲಿ ಅದಕ್ಕಿಂತ ಮೇಲು. ಬೆವರು, ಮಣ್ಣು ಮೆತ್ತಿದ ಕೈಗೆ ಜೆಲ್ ಹಚ್ಚಿದರೆ ಕೆಸರಾಗುತ್ತದೆಯೇ ಹೊರತು ಕೈ ಶುದ್ಧವಾಗುವುದಿಲ್ಲ. ಲೇಬಲ್ಲಿನಲ್ಲಿ ಎಥನಾಲ್ ಅಥವಾ ಐಸೊಪ್ರೊಪೈಲ್ ಆಲ್ಕೊಹಾಲ್ ಕನಿಷ್ಠ 60% ಎಂದಿರಬೇಕು, 20 ಸೆಕೆಂಡು ಉಜ್ಜಬೇಕು. ಮೆಥನಾಲ್ ಎಂದು ಬರೆದಿದ್ದರೆ ಅದು ವಿಷ, ಅಂಗಡಿಗೆ ವಾಪಸ್ ಮಾಡಿ. ಕ್ಯಾನನ್ನು ಬಿಸಿಲಲ್ಲೋ ಕಾರಿನ ಡಿಕ್ಕಿಯಲ್ಲೋ ಇಡಬೇಡಿ, ಬೆಂಕಿ ತಗಲುವ ಸರಕು. ಬೆಂಚು, ಶೌಚಾಲಯದ ಚಿಲಕಗಳಿಗೆ ಬ್ಲೀಚಿಂಗ್ ಪುಡಿ ಬಳಸುವುದಾದರೆ, 33% ಕ್ಲೋರಿನ್ ಇರುವ ಪುಡಿ ಲೀಟರ್ ನೀರಿಗೆ 30 ಗ್ರಾಂ ಹಾಕಿದರೆ ಸುಮಾರು 1% ದ್ರಾವಣ ಆಗುತ್ತದೆ. ಅದನ್ನು ಟಾಯ್ಲೆಟ್ ಆಸಿಡ್ ಜೊತೆ ಯಾವತ್ತೂ ಬೆರೆಸಬಾರದು, ಕ್ಲೋರಿನ್ ಅನಿಲ ಏಳುತ್ತದೆ. ಹಾಳಾದ ಪುಡಿಗೆ ವಾಸನೆ ಇರುವುದಿಲ್ಲ, ಶಕ್ತಿಯೂ ಇರುವುದಿಲ್ಲ.

ಥರ್ಮಲ್ ಗನ್

ಐದಕ್ಕೆ ಒಂದು. ಅದು ಅಳೆಯುವುದು ಹಣೆಯ ಚರ್ಮದ ಬಿಸಿಯನ್ನು. ಬಿಸಿಲಲ್ಲಿ ಸೈಕಲ್ ತುಳಿದು ಬಂದ ಹುಡುಗನಿಗೆ ಜ್ವರ ತೋರಿಸುತ್ತದೆ. ಬೆವರು ಆರುತ್ತಿರುವ ಹಣೆಯಲ್ಲಿ ಇರುವ ಜ್ವರವನ್ನೂ ಮುಚ್ಚಿಡುತ್ತದೆ. ಮಕ್ಕಳನ್ನು ಐದು ಹತ್ತು ನಿಮಿಷ ನೆರಳಲ್ಲಿ ನಿಲ್ಲಿಸಿ, ಹಣೆ ಒರೆಸಿ, ತಯಾರಕರು ಹೇಳಿದಷ್ಟು ದೂರದಿಂದ, ಸಾಮಾನ್ಯವಾಗಿ 3ರಿಂದ 5 ಸೆಂ.ಮೀ.ನಿಂದ, ಹಿಡಿಯಬೇಕು. ಬಹುತೇಕ ಗನ್ನುಗಳಲ್ಲಿ 'ಬಾಡಿ' ಮತ್ತು 'ಸರ್ಫೇಸ್' ಎಂದು ಎರಡು ಮೋಡ್ ಇರುತ್ತವೆ. ಎಲ್ಲರಿಗೂ 93–94 ಡಿಗ್ರಿ ಫ್ಯಾರನ್‌ಹೀಟ್ ಬರುತ್ತಿದ್ದರೆ ಯಾರೋ ಗುಂಡಿ ಒತ್ತಿ ಸರ್ಫೇಸ್‌ಗೆ ಹಾಕಿದ್ದಾರೆಂದೇ ಲೆಕ್ಕ. ಇಷ್ಟೆಲ್ಲ ಸರಿಯಾಗಿ ಮಾಡಿದರೂ ಲಕ್ಷಣವೇ ಇಲ್ಲದ ಮಗು ಇದಕ್ಕೆ ಸಿಗುವುದಿಲ್ಲ, ಮಕ್ಕಳಲ್ಲಿ ಅಂಥವರು ಬಹಳ.

ಗನ್ನಿಗಿಂತ ಬೆಳಗ್ಗೆ ಮನೆಯಲ್ಲೇ ಕೇಳುವ ನಾಲ್ಕು ಪ್ರಶ್ನೆ ಮೇಲು: ಜ್ವರ ಇದೆಯೇ, ಕೆಮ್ಮು ಅಥವಾ ಗಂಟಲು ನೋವು ಇದೆಯೇ, ವಾಂತಿ ಭೇದಿ ಆಗಿದೆಯೇ, ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲವೇ. ಒಂದಕ್ಕೆ ಹೌದು ಎಂದರೂ ಅವತ್ತು ರಜೆ. ಇದು ನಡೆಯಬೇಕಾದರೆ ರಜೆ ಹಾಕಿದ ಮಗುವನ್ನು ತಂಡದಿಂದ ಕೈಬಿಡುವುದಿಲ್ಲ, ಶುಲ್ಕವನ್ನು ಮುಂದಿನ ತಿಂಗಳಿಗೆ ಹಿಡಿದುಕೊಳ್ಳುತ್ತೇವೆ ಎಂದು ಕೋಚ್ ಮೊದಲೇ ಹೇಳಿರಬೇಕು. ಕಟ್ಟಿದ ದುಡ್ಡು ಹೋಗುತ್ತದೆ ಎಂದಾದರೆ ಪ್ಯಾರಾಸಿಟಮಾಲ್ ಕೊಟ್ಟು ಕಳಿಸುವವರು ಇದ್ದೇ ಇರುತ್ತಾರೆ. ಆ ಮಾತ್ರೆಯ ಮುಂದೆ ಯಾವ ಗನ್ನೂ ನಡೆಯುವುದಿಲ್ಲ.

ಮಾಸ್ಕು

ಅತಿ ಹೆಚ್ಚು ಗೊಂದಲ ಇರುವುದು ಇಲ್ಲೇ. ಮುಂಭಾಗದಲ್ಲಿ ಒಂದೋ ಎರಡೋ ಪ್ಲಾಸ್ಟಿಕ್ ವಾಲ್ವ್ ಇರುವ ಸ್ಪೋರ್ಟ್ಸ್ ಮಾಸ್ಕನ್ನು 'ಆಡುವಾಗ ಉಸಿರು ಸಲೀಸು' ಎಂದು ಮಾರಿದರು. ವಾಲ್ವ್ ತೆರೆಯುವುದು ಉಸಿರು ಬಿಡುವಾಗ. ಎಂದರೆ ಸೋಂಕಿರುವ ಮಗುವಿನ ಉಸಿರು ಸೋಸದೆ ನೇರ ಹೊರಗೆ ಬರುತ್ತದೆ, ಎದುರಿನವರಿಗೆ ಮಾಸ್ಕ್ ಇದ್ದೂ ಇಲ್ಲದಂತೆ. ವಾಲ್ವ್ ಇರುವ ಎನ್95 ಬೇಡವೆಂದು ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ 2020ರ ಜುಲೈನಲ್ಲೇ ರಾಜ್ಯಗಳಿಗೆ ಬರೆದಿತ್ತು. ಇದನ್ನು ಕಸಕ್ಕೆ ಹಾಕಿ.

ಓಡುವಾಗ ಮಾಸ್ಕ್ ಹಾಕಿರಬೇಕೇ? ಆಟ, ಓಟದ ಹೊತ್ತಿನಲ್ಲಿ ಮಕ್ಕಳಿಗೆ ಮಾಸ್ಕ್ ಬೇಡ ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಭಾರತದ 2021ರ ಜೂನ್ ಮಾರ್ಗಸೂಚಿಯಲ್ಲಿ ಐದು ವರ್ಷ ಮತ್ತು ಕೆಳಗಿನವರಿಗೆ ಮಾಸ್ಕ್ ಬೇಡ, 6ರಿಂದ 11ರವರಿಗೆ ದೊಡ್ಡವರ ನಿಗಾದಲ್ಲಿ, 12 ದಾಟಿದವರಿಗೆ ದೊಡ್ಡವರಂತೆಯೇ ಎಂದಿದೆ. ಓಡುವಾಗ ಬೇಡ ಎನ್ನಲು ಕಾರಣ ಕಣ್ಣಿಗೆ ಕಾಣುವಂಥದ್ದು. ಎರಡು ಸುತ್ತು ಓಡುವಷ್ಟರಲ್ಲಿ ಮಾಸ್ಕ್ ಬೆವರಿಗೆ ಒದ್ದೆಯಾಗಿ ಮೂಗಿಗೆ ಅಂಟಿಕೊಳ್ಳುತ್ತದೆ, ಉಸಿರು ಕಟ್ಟುತ್ತದೆ, ಮಗು ಅದನ್ನು ಗಲ್ಲಕ್ಕೆ ಇಳಿಸುತ್ತದೆ, ಮತ್ತೆ ಮಣ್ಣುಗೈಯಿಂದ ಎಳೆದುಕೊಳ್ಳುತ್ತದೆ. ಕನ್ನಡಕ ಇದ್ದರೆ ಆವಿ ಕಟ್ಟಿ ಬರುವ ಚೆಂಡೂ ಕಾಣುವುದಿಲ್ಲ.

ಮಾಸ್ಕಿನ ನಿಜವಾದ ಜಾಗ ಆಟದ ಆಚೀಚೆ. ಆಟೋದಲ್ಲಿ, ಬೆಂಚಿನಲ್ಲಿ, ಕೋಚ್ ಸುತ್ತ ನಿಂತು ಕೇಳುವಾಗ ಮಾಸ್ಕ್ ಇರಲೇಬೇಕು. ಮಗುವಿಗೆ ಎರಡು ಮಾಸ್ಕ್ ಕಳಿಸಿ: ಬರುವಾಗ ಒಂದು, ಹೋಗುವಾಗ ಒಣಗಿದ ಇನ್ನೊಂದು, ಬೇರೆ ಬೇರೆ ಕಾಗದದ ಕವರಿನಲ್ಲಿ. ಪ್ಲಾಸ್ಟಿಕ್ ಕವರಿನಲ್ಲಿ ಒದ್ದೆ ಮಾಸ್ಕ್ ಮುಗ್ಗಲು ಹಿಡಿಯುತ್ತದೆ. ದೊಡ್ಡವರ ಎನ್95 ಹತ್ತು ವರ್ಷದ ಮುಖಕ್ಕೆ ಕೂರುವುದಿಲ್ಲ. ಊದಿದಾಗ ಕೆನ್ನೆಯ ಪಕ್ಕದಲ್ಲಿ ಗಾಳಿ ತಾಗಿದರೆ ಅದು ದೊಡ್ಡದಾಯಿತು. ಮುಖಕ್ಕೆ ಸರಿಯಾಗಿ ಕೂತ ಮೂರು ಪದರದ ಸರ್ಜಿಕಲ್ ಮಾಸ್ಕೇ ಅದಕ್ಕಿಂತ ವಾಸಿ.

ಮರೆಯಬಾರದ ಇನ್ನೊಬ್ಬರು ಕೋಚ್. ಅತಿ ಹೆಚ್ಚು ಕೂಗುವವರು, ಎಲ್ಲ ಮಕ್ಕಳ ಹತ್ತಿರ ಹೋಗುವವರು ಅವರೇ. ಅವರು ಓಡುವುದು ಕಡಿಮೆ, ಆದ್ದರಿಂದ ಅವರ ಮಾಸ್ಕ್ ಇಳಿಯಬಾರದು. ಬಾಯಲ್ಲಿ ಊದುವ ಸೀಟಿಯ ಬದಲು ಕೈಯಲ್ಲಿ ಒತ್ತುವ ಎಲೆಕ್ಟ್ರಾನಿಕ್ ವಿಸಿಲ್ ಒಳ್ಳೆಯ ಖರೀದಿ. ಡಬ್ಬಿಗೆ ಹೊಸದಾಗಿ ಏನಾದರೂ ಸೇರಿಸುವುದಿದ್ದರೆ ಇದೂ ಒಂದು.

ಫೇಸ್ ಶೀಲ್ಡ್ ಬಗ್ಗೆ ಒಂದೇ ಮಾತು: ಕೆಳಗೂ ಪಕ್ಕಕ್ಕೂ ತೆರೆದಿರುತ್ತದೆ, ಚೆಂಡು ಬಡಿದರೆ ಅಂಚು ಮುಖಕ್ಕೆ ಕೊಯ್ಯುತ್ತದೆ. ಬೇಡ.

ಗಾಳಿ ಅಳೆಯುವ ಸಾಧನ

ಡಬ್ಬಿಯಲ್ಲಿ ಇರಬೇಕಾಗಿದ್ದು, ಆದರೆ ಹೆಚ್ಚಿನ ಕಡೆ ಇಲ್ಲದ್ದು ಇಂಗಾಲದ ಡೈಆಕ್ಸೈಡ್ ಮೀಟರ್. ಬ್ಯಾಡ್ಮಿಂಟನ್ ಹಾಲ್, ಬಾಸ್ಕೆಟ್‌ಬಾಲ್ ಒಳಾಂಗಣ, ಟಿ.ಟಿ. ಕೋಣೆ ನಡೆಸುವವರು ಕೊಳ್ಳಲೇಬೇಕಾದ ಸಾಮಾನು ಇದೊಂದೇ. ಬಯಲಿನ ಗಾಳಿಯಲ್ಲಿ ಅದು ಸುಮಾರು 420 ಪಿಪಿಎಂ (ಹತ್ತು ಲಕ್ಷ ಪಾಲಿಗೆ 420 ಪಾಲು) ತೋರಿಸುತ್ತದೆ. ನಾವು ಬಿಡುವ ಉಸಿರಿನಲ್ಲಿ ಇರುವುದು ಸುಮಾರು 40,000. ಹಾಲ್‌ನಲ್ಲಿ ಮೀಟರು 1,200 ತೋರಿಸಿತೆಂದರೆ, ಅಲ್ಲಿ ಮಗು ಎಳೆದುಕೊಳ್ಳುವ ಗಾಳಿಯಲ್ಲಿ ಐವತ್ತಕ್ಕೆ ಒಂದು ಪಾಲು ಆಗಲೇ ಯಾರದೋ ಎದೆಯೊಳಗೆ ಹೋಗಿ ಬಂದದ್ದು. 800 ದಾಟಿದರೆ ಕಿಟಕಿ ಬಾಗಿಲು ತೆರೆಯಬೇಕು, ತೆರೆದರೂ ಇಳಿಯದಿದ್ದರೆ ಅರ್ಧ ಮಕ್ಕಳನ್ನು ಹೊರಗೆ ಕಳಿಸಬೇಕು.

ಕೊಳ್ಳುವಾಗ ಎನ್‌ಡಿಐಆರ್ (ಇನ್‌ಫ್ರಾರೆಡ್ ಬೆಳಕಿನಿಂದ ಅಳೆಯುವ) ಸೆನ್ಸರ್ ಎಂದು ಬರೆದಿರುವುದನ್ನೇ ತೆಗೆದುಕೊಳ್ಳಿ. ಅಗ್ಗದ ಹಲವು ಮೀಟರುಗಳು ಇಂಗಾಲದ ಡೈಆಕ್ಸೈಡನ್ನು ಅಳೆಯುವುದೇ ಇಲ್ಲ, ಬೇರೆ ಆವಿಗಳನ್ನು ನೋಡಿ ಅಂದಾಜು ಅಂಕಿ ಕೊಡುತ್ತವೆ. ಪರೀಕ್ಷೆ ಸುಲಭ. ಉಸಿರು ತಾಗದಂತೆ ಸ್ಯಾನಿಟೈಸರ್ ಹಚ್ಚಿದ ಕೈಯನ್ನು ಮೀಟರಿನ ಹತ್ತಿರ ಚಾಚಿ. ಅಂಕಿ ಧಿಗ್ಗನೆ ಏರಿದರೆ ಅದು ನಕಲಿ. ಮೀಟರನ್ನು ಮಕ್ಕಳ ಮೂಗಿನ ಎತ್ತರದಲ್ಲಿ, ಯಾರ ಮುಖಕ್ಕೂ ಹತ್ತಿರವಿಲ್ಲದಂತೆ, ಕಿಟಕಿಯಿಂದ ದೂರ ಇಡಬೇಕು.

ಮೀಟರ್ ಕೊಳ್ಳಲು ಆಗದವರಿಗೆ ಅಗರಬತ್ತಿ ಇದೆ. ನಗರಗಳಲ್ಲಿ ಈಗ ಎಲ್ಲೆಲ್ಲೂ ಇರುವ ಫೈವ್-ಎ-ಸೈಡ್ ಟರ್ಫ್‌ಗಳಿಗೆ ಈ ಪರೀಕ್ಷೆ ಮುಖ್ಯ. ಬಲೆ ಮಾತ್ರ ಕಟ್ಟಿದ ಟರ್ಫ್ ಬಯಲೇ ಸರಿ. ಆದರೆ ಮಳೆಗಾಲದಲ್ಲಿ ಮೇಲೆ ಶೀಟು, ಮೂರು ಕಡೆ ಟಾರ್ಪಾಲ್ ಇಳಿಬಿಟ್ಟರೆ ಅದು ಹಾಲ್ ಆಗಿಬಿಡುತ್ತದೆ. ಮಧ್ಯದಲ್ಲಿ ನಿಂತು ಊದುಕಡ್ಡಿ ಹಚ್ಚಿ. ಹೊಗೆ ಬಾಗಿ ಪಕ್ಕಕ್ಕೆ ಹರಿದುಹೋದರೆ ಗಾಳಿ ಆಡುತ್ತಿದೆ. ನೆಟ್ಟಗೆ ಮೇಲೆದ್ದು ತಲೆಯ ಮಟ್ಟದಲ್ಲಿ ತೆಳುವಾಗಿ ನಿಂತುಬಿಟ್ಟರೆ ಮಕ್ಕಳ ಉಸಿರೂ ಹಾಗೆಯೇ ನಿಲ್ಲುತ್ತದೆ; ಟಾರ್ಪಾಲ್ ಎತ್ತಿಸಿ, ಇಲ್ಲವೇ ಮಗುವನ್ನು ವಾಪಸ್ ಕರೆದುಕೊಂಡು ಹೋಗಿ.

ಆಟದಿಂದ ಆಟಕ್ಕೆ

ಕ್ರಿಕೆಟ್ಟಿನಲ್ಲಿ ಹನ್ನೊಂದು ಮಂದಿ ದೊಡ್ಡ ಮೈದಾನದಲ್ಲಿ ಚೆದುರಿರುತ್ತಾರೆ, ಆಟವೇ ದೂರ ಕಾಯುತ್ತದೆ. ತೊಂದರೆ ಇರುವುದು ಬ್ಯಾಟಿಂಗ್‌ಗೆ ಕಾಯುವ ಸಾಲಿನಲ್ಲಿ, ವಿಕೆಟ್ ಬಿದ್ದಾಗ ಒಬ್ಬರ ಮೇಲೊಬ್ಬರು ಬೀಳುವ ಸಂಭ್ರಮದಲ್ಲಿ, ಮತ್ತೆ ಎಲ್ಲರೂ ಹಾಕಿಕೊಳ್ಳುವ ಒಂದೇ ಹೆಲ್ಮೆಟ್ಟಿನಲ್ಲಿ. ಗ್ರಿಲ್ಲಿನ ಒಳಗೆ ಅರ್ಧ ಗಂಟೆ ಉಸಿರು ಬಿಟ್ಟ ಹೆಲ್ಮೆಟ್ಟನ್ನು ಮುಂದಿನ ಹುಡುಗನಿಗೆ ಹಾಗೇ ತೊಡಿಸಬಾರದು. ಆಟಕ್ಕೆ ಬರುವಾಗ ಹೆಲ್ಮೆಟ್, ಗ್ಲೋವ್ಸ್, ಗಾರ್ಡ್ ಅವರವರದೇ ಇರಲಿ. ಫುಟ್‌ಬಾಲು, ಹಾಕಿ ಬಯಲಲ್ಲಿ ಆದರೆ ಸರಿಯೇ. ತ್ರೋಬಾಲ್ ನಮ್ಮ ಶಾಲೆಗಳ ಹೆಣ್ಣುಮಕ್ಕಳ ಆಟ. ನಡುವೆ ನೆಟ್ಟಿದೆ, ಮೈ ಮುಟ್ಟುವುದಿಲ್ಲ, ಬಯಲಲ್ಲೇ ಆಡುತ್ತಾರೆ. ಇದನ್ನು ಎಲ್ಲಕ್ಕಿಂತ ಮೊದಲು ಶುರುಮಾಡಬಹುದಾಗಿತ್ತು ಎಂದೇ ನಮ್ಮ ಅಭಿಪ್ರಾಯ. ಖೋಖೋದಲ್ಲಿ ಬೆನ್ನು ಮುಟ್ಟಿ ಕಿವಿಯ ಹತ್ತಿರ 'ಖೋ' ಎಂದು ಕೂಗುವುದಿದೆ, ಆದರೆ ಅದು ಕ್ಷಣದ ಮಾತು.

ಕಬಡ್ಡಿಗೆ ಮಾತ್ರ ನಾವು ಬೇಡ ಎನ್ನುತ್ತೇವೆ, ಹೇಳಲು ಸಂಕಟವಾದರೂ. 30 ಸೆಕೆಂಡಿನ ರೇಡ್ ಉದ್ದಕ್ಕೂ ಬಾಯಿ ಬಿಟ್ಟು 'ಕಬಡ್ಡಿ ಕಬಡ್ಡಿ' ಎನ್ನಬೇಕು, ಎದುರು ಏಳು ಮಂದಿ ಸರಪಳಿ ಕಟ್ಟಿ ಕಾಯುತ್ತಾರೆ, ಹಿಡಿದ ಮೇಲೆ ಐದಾರು ಮುಖಗಳು ಒಂದು ಗೇಣಿನ ಒಳಗೆ. ಈಗ ಮ್ಯಾಟ್ ಮೇಲೆ, ಹಾಲ್ ಒಳಗೆ ಆಡಿಸುವುದೂ ಹೆಚ್ಚಾಗಿದೆ. ಅಲೆ ಇಳಿಯುವವರೆಗೆ ರೇಡರುಗಳಿಗೆ ಹೆಜ್ಜೆಯ ಅಭ್ಯಾಸ, ಬೋನಸ್ ಗೆರೆಯ ಅಭ್ಯಾಸ, ಬಯಲಲ್ಲಿ ಓಟ, ಇಷ್ಟು ಸಾಕು.

ಟೂರ್ನಮೆಂಟ್ ಯಾವ ಆಟದಲ್ಲೂ ಬೇಡ. ಎಂಟು ತಂಡ ಒಂದು ಕಡೆ ಸೇರಿದರೆ ನೂರು ಮನೆಯ ಗಾಳಿ ಬೆರೆಯುತ್ತದೆ. 87 ವರ್ಷದಲ್ಲಿ ಮೊದಲ ಬಾರಿಗೆ 2020–21ರ ರಣಜಿ ಟ್ರೋಫಿಯನ್ನೇ ಬಿಟ್ಟರು. ಹೋಟೆಲು, ಪರೀಕ್ಷೆ, ಹೊರಗಿನವರ ಸಂಪರ್ಕವಿಲ್ಲದ ಬಯೋಬಬಲ್ ಎಲ್ಲ ಇದ್ದ ಐಪಿಎಲ್ 2021ರ ಮೇ 4ರಂದು ಅರ್ಧಕ್ಕೆ ನಿಂತಿತು. ಶಾಲೆಯ ತಂಡಗಳಿಗೆ ಆ ಯಾವ ಕಾವಲೂ ಇರುವುದಿಲ್ಲ.

ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ಉಪಯೋಗ

ಐದಕ್ಕೆ ಐದು ಕೊಡುವುದು ಪಿ.ಟಿ. ಮೇಷ್ಟ್ರ ಕೈಯಲ್ಲಿ ಯಾವತ್ತೂ ಇರುವ ಗೆರೆ ಎಳೆಯುವ ಪುಡಿಗೆ. ಮೈದಾನದ ಅಂಚಿನಲ್ಲಿ ಎರಡು ಮೀಟರಿಗೊಂದು ಚೌಕ ಬರೆದು ನಂಬರ್ ಹಾಕಿ. ಪ್ರತಿ ಮಗುವಿಗೆ ಒಂದು ಚೌಕ: ಅದರ ಬ್ಯಾಗು, ಬಾಟಲಿ, ಮಾಸ್ಕಿನ ಕವರು ಅಲ್ಲೇ, ನೀರು ಕುಡಿಯುವುದೂ ಅಲ್ಲೇ ನಿಂತು. ಬೆಂಚನ್ನು ಎತ್ತಿ ಒಳಗಿಡಿ, ಬೆಂಚಿದ್ದರೆ ಮಕ್ಕಳು ಅಂಟಿಕೊಂಡು ಕೂತೇ ಕೂರುತ್ತಾರೆ. ಪುಡಿ ಚಾಕಿನದ್ದೇ ಇರಲಿ. ಸುಣ್ಣದ ಪುಡಿ, ಸುಟ್ಟದ್ದಾಗಲಿ ಅರಳಿದ್ದಾಗಲಿ, ಕಣ್ಣಿಗೆ ಬಿದ್ದರೆ ಸುಡುತ್ತದೆ.

ಆಮೇಲೆ ಒಂದು ಹಾಜರಿ ಪುಸ್ತಕ. ಯಾವ ಬ್ಯಾಚು, ಯಾರು ಬಂದರು, ಯಾವ ವ್ಯಾನಿನಲ್ಲಿ ಬಂದರು. ಒಂದು ಮಗುವಿಗೆ ಲಕ್ಷಣ ಕಂಡರೆ ಹಿಂದಿನ ಎರಡು ದಿನದ ಪುಟ ತೆರೆದು ಆ ಬ್ಯಾಚನ್ನು ಮಾತ್ರ ನಿಲ್ಲಿಸಬಹುದು. ಪುಸ್ತಕ ಇಲ್ಲದ ಕಡೆ ಇಡೀ ಶಿಬಿರ ಮುಚ್ಚಬೇಕಾಗುತ್ತದೆ. ವ್ಯಾನಿನ ಕಾಲಂ ಏಕೆಂದರೆ, ಮೈದಾನದಲ್ಲಿ ಒಬ್ಬರಿಗೊಬ್ಬರು ಹತ್ತಿರ ಬರುವುದು ಒಂದೆರಡು ನಿಮಿಷ, ಗಾಜು ಏರಿಸಿದ ಓಮ್ನಿಯಲ್ಲಿ ಎಂಟು ಮಕ್ಕಳು ತೊಡೆಗೆ ತೊಡೆ ತಾಗಿಸಿ ಕೂರುವುದು ಇಪ್ಪತ್ತು ನಿಮಿಷ. ಆಟ ಬಿಡಿಸುವ ಮೊದಲು ವ್ಯಾನ್ ಬಿಡಿಸಿ.

ಆಟ ಬಿಡಿಸಿದ್ದಕ್ಕೂ ಬೆಲೆ ಇದೆ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ದಣಿಯಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಚೀನಾದಲ್ಲಿ 2020ರಲ್ಲಿ ಮನೆಯೊಳಗೇ ಕೂತ ತಿಂಗಳುಗಳ ನಂತರ ಶಾಲಾ ಮಕ್ಕಳ ಕಣ್ಣು ನೋಡಿದಾಗ, ಆರು ವರ್ಷದವರಲ್ಲಿ ಸಮೀಪದೃಷ್ಟಿ 21.5%ಕ್ಕೆ ಏರಿತ್ತು, ಹಿಂದಿನ ಐದು ವರ್ಷಗಳಲ್ಲಿ ಅದು 5.7% ದಾಟಿರಲಿಲ್ಲ. ನಮ್ಮಲ್ಲಿ ಒಂದರಿಂದ ಐದನೇ ತರಗತಿಯ ಮಕ್ಕಳಿಗೆ ಶಾಲೆ ತೆರೆದದ್ದೇ 2021ರ ಅಕ್ಟೋಬರ್ 25ಕ್ಕೆ. ಆ ಒಂದೂವರೆ ವರ್ಷ ಖಾಲಿ ಬಿದ್ದಿದ್ದ ಮೈದಾನಗಳನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಆಕ್ಸಿಮೀಟರ್, ಮತ್ತು ಕಾಯಿಲೆಯಿಂದ ಎದ್ದ ಮಗು

ಆಕ್ಸಿಮೀಟರ್ ಗೇಟಿನಲ್ಲಿ ಹಿಡಿಯುವ ಸಾಮಾನಲ್ಲ. ಅದು ಬೇಕಾಗುವುದು ಕೋವಿಡ್ ಬಂದು ಹೋದ ಮಗುವಿನ ಮನೆಯಲ್ಲಿ. ಐದು ನಿಮಿಷ ಕೂತು, ಕೈ ಬೆಚ್ಚಗೆ ಮಾಡಿಕೊಂಡು, ಉಗುರುಬಣ್ಣ ತೆಗೆದು, ಅಂಕಿ ನಿಲ್ಲುವವರೆಗೆ ಅರ್ಧ ನಿಮಿಷ ಕಾಯಬೇಕು. ಚಿಕ್ಕ ಬೆರಳಿಗೆ ದೊಡ್ಡವರ ಕ್ಲಿಪ್ ಸಡಿಲಾಗಿ ಸುಳ್ಳು ಅಂಕಿ ಕೊಡುತ್ತದೆ, ಮಕ್ಕಳ ಅಳತೆಯದೇ ಕೊಳ್ಳಿ. 94ಕ್ಕಿಂತ ಕೆಳಗೆ ಬಂದರೆ ವೈದ್ಯರಿಗೆ ತೋರಿಸಬೇಕು.

ನೆಗಡಿಯಂತೆ ಬಂದುಹೋದ ಕಾಯಿಲೆಯಾದರೂ ಮೊದಲ ದಿನವೇ ಪಂದ್ಯ ಆಡಿಸಬಾರದು. ಹೃದಯದ ಸ್ನಾಯುವಿಗೆ ಉರಿಯೂತ ಆಗಿರುವ ಸಾಧ್ಯತೆ ಅಪರೂಪವಾದರೂ ಇದೆ. ಕ್ರೀಡಾ ವೈದ್ಯರು 2020ರಲ್ಲಿ ಕ್ರೀಡಾಪಟುಗಳಿಗೆ ಹಾಕಿಕೊಟ್ಟ ಮೆಟ್ಟಿಲುಗಳನ್ನು ವೈದ್ಯರ ಒಪ್ಪಿಗೆ ಪಡೆದು ಹತ್ತಬಹುದು. ಕನಿಷ್ಠ ಹತ್ತು ದಿನ ವಿಶ್ರಾಂತಿ, ಅದರಲ್ಲಿ ಕೊನೆಯ ಏಳು ದಿನ ಯಾವ ಲಕ್ಷಣವೂ ಇರಬಾರದು. ಆಮೇಲೆ ಎರಡು ದಿನ 15 ನಿಮಿಷದ ನಡಿಗೆ, ಒಂದು ದಿನ 30 ನಿಮಿಷದ ಹಗುರ ಓಟ, ಒಂದು ದಿನ 45 ನಿಮಿಷ, ಎರಡು ದಿನ 60 ನಿಮಿಷದ ಅಭ್ಯಾಸ, ಏಳನೇ ದಿನ ತಂಡದ ಜೊತೆ. ನಡುವೆ ಎದೆ ನೋವು, ತಲೆ ಸುತ್ತು, ಎದೆ ಡವಗುಟ್ಟುವುದು, ಅಳತೆ ಮೀರಿದ ಏದುಸಿರು ಕಂಡರೆ ಅಲ್ಲಿಗೇ ನಿಲ್ಲಿಸಿ ವೈದ್ಯರ ಬಳಿ ಹೋಗಬೇಕು. ಕೋವಿಡ್ ಆಗಿ ಎರಡರಿಂದ ಆರು ವಾರದ ಮೇಲೆ ಜ್ವರ, ಕೆಂಗಣ್ಣು, ಮೈಮೇಲೆ ದದ್ದು, ಹೊಟ್ಟೆನೋವು ಒಟ್ಟಿಗೆ ಬಂದರೆ ಅದು ಎಂಐಎಸ್-ಸಿ, ಎಂದರೆ ಕೋವಿಡ್ ನಂತರ ಮಗುವಿನ ಹಲವು ಅಂಗಗಳಲ್ಲಿ ಏಳುವ ಉರಿಯೂತ, ಇರಬಹುದು. ಆ ಮಕ್ಕಳಿಗೆ ಮೂರರಿಂದ ಆರು ತಿಂಗಳು ಓಡುವ ಆಟವಿಲ್ಲ, ಹೃದಯ ತಜ್ಞರು ಹೇಳಿದ ಮೇಲೆಯೇ ಮೈದಾನ.

ಡಬ್ಬಿ ಇನ್ನೂ ಇದ್ದರೆ ಈ ವಾರವೇ ಒಮ್ಮೆ ಬಿಚ್ಚಿ. ಥರ್ಮಲ್ ಗನ್ನು, ಆಕ್ಸಿಮೀಟರಿನ ಸೆಲ್ ತೆಗೆದಿಡಿ, ಸೋರಿದರೆ ಒಳಗೆಲ್ಲ ಹಸಿರುಗಟ್ಟುತ್ತದೆ. ಅವಧಿ ಮುಗಿದ ಸ್ಯಾನಿಟೈಸರ್ ಕ್ಯಾನನ್ನು ಬೇಸಿಗೆಗೆ ಮೊದಲು ಕೋಣೆಯಿಂದ ಆಚೆ ಸಾಗಿಸಿ. ಮಾಸ್ಕಿನ ಎಲಾಸ್ಟಿಕ್ ಎಳೆದು ನೋಡಿ, ಪುಡಿಪುಡಿಯಾದರೆ ಕಟ್ಟು ಪೂರ್ತಿ ಬಿಸಾಡಿ. ಖಾಲಿಯಾದ ಜಾಗದಲ್ಲಿ ಒಂದು ಚೀಲ ಚಾಕ್ ಪುಡಿ, ಒಂದು ಹೊಸ ಹಾಜರಿ ಪುಸ್ತಕ ಇಡಿ.